ಒಪ್ಪದೆ ಕೂತ ಹೆಂಗಸು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸಂಜೆ ನಾಲ್ಕು ಐವತ್ತಕ್ಕೆ ರೈಲು ಹೊರಟಿದೆ. ವಯಸ್ಸಾದ ಹೆಂಗಸೊಬ್ಬಳು ಡಬ್ಬಿಯಲ್ಲಿ ಒಬ್ಬಳೇ ಕೂತಿದ್ದಾಳೆ, ಕೈಯಲ್ಲೊಂದು ಪತ್ತೇದಾರಿ ಪುಸ್ತಕ. ಪಕ್ಕದ ಹಳಿಯ ಮೇಲೆ ಅದೇ ದಿಕ್ಕಿಗೆ ಓಡುತ್ತಿದ್ದ ಇನ್ನೊಂದು ರೈಲು ಬಂದು ಜೊತೆಯಾಗುತ್ತದೆ. ಎದುರಿನ ಕಿಟಕಿಯ ಪರದೆ ಫಟ್ಟನೆ ಮೇಲಕ್ಕೆ ಹಾರುತ್ತದೆ. ಒಳಗೆ ಒಬ್ಬ ಗಂಡಸು ಒಬ್ಬ ಹೆಣ್ಣಿನ ಕುತ್ತಿಗೆ ಹಿಸುಕುತ್ತಿದ್ದಾನೆ. ಅವನ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಷ್ಟರಲ್ಲಿ ಆ ರೈಲು ಮುಂದೆ ಹೋಗಿಬಿಡುತ್ತದೆ. ಟಿಕೆಟ್ ಕಲೆಕ್ಟರ್ ಬಂದಾಗ ಆಕೆ ಕಂಡದ್ದನ್ನೆಲ್ಲ ಹೇಳುತ್ತಾಳೆ. ಅವನು ಕೇಳುತ್ತಾನೆ, ಪುಸ್ತಕದ ಕಡೆ ನೋಡುತ್ತಾನೆ. ಅಲ್ಲಿಗೆ ಆಕೆಯ ಸಾಕ್ಷ್ಯ ಮುಗಿಯಿತು. ಪೊಲೀಸರು ಹುಡುಕುತ್ತಾರೆ, ಹೆಣ ಸಿಗುವುದಿಲ್ಲ. ಇನ್ಸ್‌ಪೆಕ್ಟರ್ ಕ್ರ್ಯಾಡಕ್ ಮನೆಗೇ ಬಂದು, ಬಹಳ ಮರ್ಯಾದೆಯಿಂದ, ಅದೆಲ್ಲ ನಿಮ್ಮ ಕಲ್ಪನೆಯಿರಬೇಕು ಎಂಬ ಅರ್ಥದಲ್ಲಿ ಮಾತಾಡಿ ಹೋಗುತ್ತಾನೆ.

ಇದು 1961ರ ‘ಮರ್ಡರ್ ಶೀ ಸೆಡ್’ ಚಿತ್ರದ ಆರಂಭ. ಎಂಜಿಎಂ ಕಂಪನಿ ಇಂಗ್ಲೆಂಡಿನ ಬೋರಮ್‌ವುಡ್‌ನಲ್ಲಿದ್ದ ತನ್ನ ಸ್ಟುಡಿಯೋದಲ್ಲಿ ಮಾಡಿದ್ದು. ನಿರ್ದೇಶಕ ಜಾರ್ಜ್ ಪೊಲಾಕ್. ಕಥೆ ಅಗಾಥಾ ಕ್ರಿಸ್ಟಿಯವರ 1957ರ ಕಾದಂಬರಿಯದು. ರೈಲಿನ ಆ ಹೆಂಗಸು, ಹವ್ಯಾಸಿ ಪತ್ತೇದಾರಳಾದ ಮಿಸ್ ಮಾರ್ಪಲ್ ಆಗಿ ನಟಿಸಿದವರು ಮಾರ್ಗರೆಟ್ ರುದರ್‌ಫೋರ್ಡ್. ಸಿನಿಮಾ ಬಲ್ಲವರು ಇದನ್ನು ಹಗುರ ಹಾಸ್ಯದ ಪತ್ತೇದಾರಿ ಚಿತ್ರವೆಂದು ಒಂದು ಪಕ್ಕಕ್ಕೆ ಇಡುತ್ತಾರೆ. ರಾನ್ ಗುಡ್‌ವಿನ್ ಅವರ ಕುಣಿಯುವ ಸಂಗೀತ ಕೇಳಿದರೆ ಹಾಗೆ ಅನ್ನಿಸುವುದು ಸಹಜ. ನಾನು ಮಾತ್ರ ಒಪ್ಪುವುದಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸುತ್ತಲೇ ತಲೆ ನರೆಸಿಕೊಂಡವಳು ನಾನು. ಆ ಮೊದಲ ಕೆಲವು ನಿಮಿಷಗಳಲ್ಲಿರುವಷ್ಟು ನಿಜವಾದ ಕೋರ್ಟಿನ ಸಂಗತಿಯನ್ನು ದೊಡ್ಡ ಕೋರ್ಟ್ ಚಿತ್ರಗಳಲ್ಲೂ ಕಂಡದ್ದು ಕಡಿಮೆ.

ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಕೊಲೆ ಕೇಸಿನಲ್ಲಿ ಸೀನಿಯರ್ ಪಕ್ಕ ಕಡತ ಹಿಡಿದು ಕೂತಿದ್ದೆ. ಕಣ್ಣಾರೆ ಕಂಡ ಸಾಕ್ಷಿ ಒಬ್ಬಳೇ, ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ. ಪಾಟಿ ಸವಾಲಿನಲ್ಲಿ ಅವಳ ಕಣ್ಣಿನ ಪೊರೆ, ದೀಪದ ಬೆಳಕು, ರಾತ್ರಿ ನಿದ್ದೆ, ಸೊಸೆಯ ಜೊತೆಗಿನ ಜಗಳ ಎಲ್ಲವೂ ಬಂತು. ಅವಳು ಸಾಕ್ಷಿ ಕಟ್ಟೆಯ ಮರ ಹಿಡಿದು, “ನಾ ಕಂಡಿದ್ದು ಕಂಡಂಗೇ ಹೇಳ್ತೀನಿ ಸ್ವಾಮಿ, ನೀವು ಹತ್ತು ಸಲ ಕೇಳಿದ್ರೂ ಅದೇಯ” ಅಂದಳು. ಕಾನೂನು ಅವಳ ಪರವಾಗಿಯೇ ಇತ್ತು. ಬ್ರಿಟಿಷ್ ನ್ಯಾಯವಾದಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಬರೆದುಕೊಟ್ಟ 1872ರ ಸಾಕ್ಷ್ಯ ಅಧಿನಿಯಮದ 134ನೇ ಕಲಮು, ಒಂದು ಸಂಗತಿಯನ್ನು ರುಜುವಾತು ಮಾಡಲು ಇಷ್ಟೇ ಸಾಕ್ಷಿಗಳು ಬೇಕೆಂಬ ಲೆಕ್ಕವಿಲ್ಲ ಎನ್ನುತ್ತಿತ್ತು. ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಆ ನಿಯಮ ಉಳಿದಿದೆ. ಒಬ್ಬರೇ ಸಾಕು, ಆ ಒಬ್ಬರ ಮಾತಿಗೆ ತೂಕವಿರಬೇಕು. ಆದರೆ ಆ ತೂಕವನ್ನು ಹಾಕುವವರು ಯಾರು, ಯಾರ ಮಾತನ್ನು ಯಾವ ತಕ್ಕಡಿಯಲ್ಲಿಡುತ್ತಾರೆ ಎಂಬುದನ್ನು ಕಲಮು ಹೇಳಲಾರದು. ಬ್ರಿಟಿಷ್ ಚಿತ್ರಗಳ ಹವ್ಯಾಸಿ ಪತ್ತೇದಾರರು ಹುಟ್ಟಿದ್ದು ಇದೇ ಸಂದಿನಲ್ಲಿ ಎಂಬುದು ನನ್ನ ನಂಬಿಕೆ.

ಹೆಣ ಸಿಗಲಿಲ್ಲ ಎಂದು ಕ್ರ್ಯಾಡಕ್ ಕೈಚೆಲ್ಲುವುದರ ಹಿಂದೆ ಮುನ್ನೂರು ವರ್ಷಗಳ ಭಯವಿದೆ. 1660ರಲ್ಲಿ ಇಂಗ್ಲೆಂಡಿನ ಕ್ಯಾಂಪ್ಡೆನ್ ಎಂಬ ಊರಿನಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಮುದುಕ, ಜಮೀನಿನ ಗೇಣಿ ವಸೂಲಿಗೆ ಹೋದವನು, ಕಾಣೆಯಾದ. ಅವನ ಆಳು ಜಾನ್ ಪೆರಿ, ತನ್ನ ತಾಯಿಯೂ ಅಣ್ಣತಮ್ಮನೂ ಸೇರಿ ಕೊಂದರೆಂದು ಹೇಳಿಕೆ ಕೊಟ್ಟ. ಮೂವರನ್ನೂ ನೇಣಿಗೇರಿಸಿದರು. 1662ರಲ್ಲಿ ಹ್ಯಾರಿಸನ್ ಜೀವಂತವಾಗಿ ಊರಿಗೆ ಮರಳಿದ. ಆಮೇಲೆ ಇಂಗ್ಲಿಷ್ ಕೋರ್ಟುಗಳು ಹೆಣವಿಲ್ಲದ ಕೊಲೆ ಕೇಸೆಂದರೆ ಹಿಂದೆ ಸರಿಯತೊಡಗಿದವು. ಆ ಹಿಂಜರಿಕೆ ಸಡಿಲಗೊಂಡದ್ದು 1954ರಲ್ಲಿ, ವೇಲ್ಸ್‌ನ ಒಂದು ತೋಟದ ಮನೆಯಿಂದ ಮಾಯವಾದ ಪೋಲಿಷ್ ಪಾಲುದಾರನ ಕೇಸಿನಲ್ಲಿ. ದೇಹದ ಒಂದು ಎಲುಬೂ ಸಿಗದಿದ್ದರೂ ತೋಟದ ಇನ್ನೊಬ್ಬ ಪಾಲುದಾರ ಮೈಕೇಲ್ ಓನುಫ್ರೈಚಿಕ್‌ಗೆ ಶಿಕ್ಷೆಯಾಯಿತು, ಮೇಲ್ಮನವಿಯಲ್ಲೂ ಅದು ಉಳಿಯಿತು. ಕ್ರಿಸ್ಟಿ ಕಾದಂಬರಿ ಪ್ರಕಟಿಸಿದ್ದು ಅದಾದ ಕೆಲವೇ ವರ್ಷಕ್ಕೆ. ಕಾನೂನು ಬದಲಾಗಿದ್ದರೂ ಠಾಣೆಯ ಮನಸ್ಸು ಇನ್ನೂ ಬದಲಾಗದ ಹೊತ್ತು ಅದು. ಹೆಣ ಹುಡುಕುವ ಹೊರೆ ಹಾಗಾಗಿ ಕಂಡವಳ ಹೆಗಲಿಗೇ ಬೀಳುತ್ತದೆ.

ರೈಲು ಡಬ್ಬಿಗೂ ಒಂದು ಚರಿತ್ರೆ ಇದೆ. 1864ರ ಜುಲೈ 9ರ ರಾತ್ರಿ ಲಂಡನ್ನಿನ ಸ್ಥಳೀಯ ರೈಲಿನಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ಅಧಿಕಾರಿಯನ್ನು ಹೊಡೆದು ಹಳಿಗೆ ಎಸೆದರು. ಬ್ರಿಟನ್ನಿನ ರೈಲಿನಲ್ಲಿ ನಡೆದ ಮೊದಲ ಕೊಲೆ ಅದು. ಆಗಿನ ಡಬ್ಬಿಗಳು ಒಂದಕ್ಕೊಂದು ದಾರಿಯಿಲ್ಲದ ಕೋಣೆಗಳು. ಒಮ್ಮೆ ಬಾಗಿಲು ಹಾಕಿದರೆ ಮುಂದಿನ ನಿಲ್ದಾಣದವರೆಗೆ ಕೂಗಿದರೂ ಕೇಳುವವರಿಲ್ಲ. ಕೊಲೆಗಾರ ಅವಸರದಲ್ಲಿ ತನ್ನ ಟೋಪಿ ಬಿಟ್ಟು ಬ್ರಿಗ್ಸ್‌ರ ಟೋಪಿ ಹೊತ್ತೊಯ್ದಿದ್ದ. ಆ ಟೋಪಿಯ ಜಾಡು ಹಿಡಿದು, ಹಾಯಿ ಹಡಗಿನಲ್ಲಿ ಅಮೆರಿಕಕ್ಕೆ ಹೊರಟಿದ್ದ ಫ್ರಾಂಜ್ ಮುಲ್ಲರ್‌ನನ್ನು ಪೊಲೀಸರು ಆವಿ ಹಡಗಿನಲ್ಲಿ ಹೋಗಿ ಮೊದಲೇ ನ್ಯೂಯಾರ್ಕ್ ಸೇರಿ ಹಿಡಿದರು. ನವೆಂಬರಿನಲ್ಲಿ ಸಾರ್ವಜನಿಕವಾಗಿ ಅವನಿಗೆ ಗಲ್ಲಾಯಿತು. ಡಬ್ಬಿಗಳ ನಡುವಿನ ಗೋಡೆಗೆ ಸಣ್ಣ ಗಾಜಿನ ಕಿಂಡಿ ಕೊರೆದು ಅದಕ್ಕೆ ಅವನ ಹೆಸರೇ ಬಿತ್ತು. 1868ರ ಕಾಯ್ದೆ, ದೂರ ನಿಲ್ಲದೆ ಓಡುವ ರೈಲುಗಳಲ್ಲಿ ಪ್ರಯಾಣಿಕರು ಸಿಬ್ಬಂದಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇರಬೇಕೆಂದು ವಿಧಿಸಿತು. ನಮ್ಮ ರೈಲುಗಳಲ್ಲಿ ಎಳೆಯುವ ಸರಪಳಿಯೂ ಅದೇ ಸಂತಾನದ್ದು.

ಕ್ರಿಸ್ಟಿಯ ಕಾದಂಬರಿಯಲ್ಲಿ ಕೊಲೆಯನ್ನು ಕಾಣುವವಳು ಮಿಸ್ ಮಾರ್ಪಲ್ ಅಲ್ಲ, ಅವಳ ಗೆಳತಿ ಮಿಸೆಸ್ ಮೆಕ್‌ಗಿಲಿಕಡ್ಡಿ. ಅವಳು ನೇರ ಗೆಳತಿಯ ಮನೆಗೆ ಬರುತ್ತಾಳೆ, ಮಾರ್ಪಲ್ ಕೂಡಲೇ ನಂಬುತ್ತಾಳೆ. ಹೆಣ ಹುಡುಕಲು ಮೈಯಲ್ಲಿ ಶಕ್ತಿಯಿಲ್ಲದ ಮಾರ್ಪಲ್, ಆಕ್ಸ್‌ಫರ್ಡಿನಲ್ಲಿ ಗಣಿತ ಓದಿ ಮನೆಗೆಲಸವನ್ನೇ ವೃತ್ತಿ ಮಾಡಿಕೊಂಡ ಲೂಸಿ ಐಲ್ಸ್‌ಬರೋ ಎಂಬ ಹುಡುಗಿಯನ್ನು ಹೆಣ ಇರಬಹುದೆನಿಸಿದ ಮನೆಗೆ ಕಳಿಸುತ್ತಾಳೆ. ಕಂಡವಳು, ನಂಬಿದವಳು, ಹುಡುಕಿದವಳು ಬೇರೆ ಬೇರೆ. ಚಿತ್ರ ಮೂವರನ್ನೂ ಒಬ್ಬಳಲ್ಲೇ ಕೂಡಿಸಿತು. ಕ್ರಿಸ್ಟಿಯ ಅಭಿಮಾನಿಗಳು ಇದನ್ನು ಕೆಡಿಸಿದ್ದೆಂದು ಹೇಳುತ್ತಾರೆ. ನನಗೆ ಇದು ಕಾದಂಬರಿಗಿಂತ ಬಲವಾದ ಆಯ್ಕೆ ಅನ್ನಿಸುತ್ತದೆ. ಕಾದಂಬರಿಯಲ್ಲಿ ನಂಬುವ ಗೆಳತಿ ಇದ್ದಾಳೆ. ಚಿತ್ರದ ಮಾರ್ಪಲ್ ತನ್ನ ಕಣ್ಣನ್ನು ತಾನೇ ನಂಬಬೇಕು. ಜೊತೆಗಿರುವವನು ಗ್ರಂಥಾಲಯ ನೋಡಿಕೊಳ್ಳುವ ಮಿಸ್ಟರ್ ಸ್ಟ್ರಿಂಗರ್ ಎಂಬ ಪುಕ್ಕಲು ಸಜ್ಜನ ಒಬ್ಬನೇ, ಅವನು ಕ್ರಿಸ್ಟಿಯ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಆಕೆ ಹಳಿ ರಿಪೇರಿಯ ಕೆಲಸಗಾರರ ವೇಷದಲ್ಲಿ ರೈಲುದಾರಿ ತಡಕುತ್ತಾಳೆ. ಆಕಂಥಾರ್ಪ್ ಎಂಬ ಸಿಡುಕು ಶ್ರೀಮಂತನ ಬಂಗಲೆಗೆ ಕೆಲಸದವಳಾಗಿ ಸೇರುತ್ತಾಳೆ. ಗಾಲ್ಫ್ ಅಭ್ಯಾಸದ ನೆಪದಲ್ಲಿ ತೋಟವೆಲ್ಲ ಅಳೆಯುತ್ತಾಳೆ, ಕೊನೆಗೆ ಲಾಯದಲ್ಲಿ ಹೆಣ ಕಾಣುತ್ತಾಳೆ. ಕೆಲಸದವಳನ್ನು ಮನೆಯವರು ಕಣ್ಣೆತ್ತಿ ನೋಡದಿರುವುದೇ ಆಕೆಗೆ ಅನುಕೂಲ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ.

ಈ ಹವ್ಯಾಸಿ ಪತ್ತೇದಾರರ ಪರಂಪರೆಯ ಹಿಂದಿನ ಕೊಂಡಿಗೆ ಮೂವತ್ತು ವರ್ಷ ಹಿಂದೆ ಹೋಗಬೇಕು. 1927ರಲ್ಲಿ ಬ್ರಿಟಿಷ್ ಸರ್ಕಾರ, ಹಾಲಿವುಡ್ಡಿನ ಹೊಡೆತದಿಂದ ದೇಶೀ ಚಿತ್ರರಂಗವನ್ನು ಉಳಿಸಲು, ಚಿತ್ರಮಂದಿರಗಳು ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನೇ ತೋರಿಸಬೇಕೆಂಬ ಕಾಯ್ದೆ ತಂದಿತು. ಕೋಟಾ ತುಂಬಿಸಲು ಅಗ್ಗದ ಚಿತ್ರಗಳು ಸಾಲುಗಟ್ಟಿದವು, ಅವುಗಳಲ್ಲಿ ಕೊಲೆಯ ಕಥೆಗಳಿಗೆ ಕೊರತೆಯಿರಲಿಲ್ಲ. ಅದೇ ಕಾಲದ, ಆದರೆ ಅಗ್ಗವಲ್ಲದ ಚಿತ್ರ ಆಲ್ಫ್ರೆಡ್ ಹಿಚ್‌ಕಾಕ್ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಮಾಡಿದ 1930ರ ‘ಮರ್ಡರ್!’. ಕ್ಲೆಮೆನ್ಸ್ ಡೇನ್ ಮತ್ತು ಹೆಲೆನ್ ಸಿಂಪ್ಸನ್ ಎಂಬ ಇಬ್ಬರು ಲೇಖಕಿಯರು ಜೊತೆಯಾಗಿ ಬರೆದ ಕಾದಂಬರಿ ಅದಕ್ಕೆ ಆಧಾರ. ಊರೂರು ತಿರುಗುವ ನಾಟಕ ಕಂಪನಿಯ ನಟಿ ಡಯಾನಾ ಬೇರಿಂಗ್, ಕೊಲೆಯಾದ ಸಹನಟಿಯ ಪಕ್ಕದಲ್ಲೇ ಸಿಕ್ಕಿಬೀಳುತ್ತಾಳೆ, ಏನಾಯಿತೆಂಬುದು ಅವಳಿಗೆ ನೆನಪಿಲ್ಲ. ಜ್ಯೂರಿಯಲ್ಲಿ ಸರ್ ಜಾನ್ ಎಂಬ ಖ್ಯಾತ ನಟನಿದ್ದಾನೆ. ಹರ್ಬರ್ಟ್ ಮಾರ್ಷಲ್ ಈ ಪಾತ್ರ ಮಾಡಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ನಟ ಅವರು.

ಜ್ಯೂರಿ ಕೋಣೆಯ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಉಳಿದವರು ಒಬ್ಬೊಬ್ಬರಾಗಿ ತಪ್ಪಿತಸ್ಥಳೆಂಬ ಕಡೆಗೆ ವಾಲುತ್ತಾರೆ. ಕೊನೆಗೆ ಸರ್ ಜಾನ್ ಒಬ್ಬನೇ ಉಳಿಯುತ್ತಾನೆ. ಅವನ ಸುತ್ತ ಮುತ್ತಿಕೊಂಡು, ಒಂದೊಂದು ಸಾಕ್ಷ್ಯ ಹೇಳಿ, ಇದಕ್ಕೇನಂತೀರಿ ಎಂದು ಎಲ್ಲರೂ ಒಕ್ಕೊರಲಿನಲ್ಲಿ ಕೇಳುತ್ತಾರೆ. ಅವನ ಹತ್ತಿರ ಉತ್ತರವಿಲ್ಲ, ಅನುಮಾನವಷ್ಟೇ ಇದೆ. ಅವನು ಸೋಲುತ್ತಾನೆ. ತೀರ್ಪು ಓದುವಾಗ ಕ್ಯಾಮೆರಾ ಕೋರ್ಟಿನೊಳಗೆ ಹೋಗುವುದಿಲ್ಲ, ಖಾಲಿಯಾದ ಜ್ಯೂರಿ ಕೋಣೆಯಲ್ಲೇ ನಿಲ್ಲುತ್ತದೆ. ಒಬ್ಬ ಸೇವಕ ಕಸ ತೆಗೆಯುತ್ತಿರುವಾಗ ಒಳಗಿನಿಂದ ಮರಣದಂಡನೆಯ ಮಾತು ಕೇಳಿಸುತ್ತದೆ. ಟಾಕಿ ಚಿತ್ರ ಶುರುವಾಗಿ ಇನ್ನೂ ಎರಡು ವರ್ಷ ತುಂಬದ ಇಂಗ್ಲೆಂಡಿನಲ್ಲಿ ಧ್ವನಿಯನ್ನು ಇಷ್ಟು ಬಲ್ಲವನಂತೆ ಬಳಸಿದ್ದು ಬೆರಗು ಹುಟ್ಟಿಸುತ್ತದೆ. ಮುಂದೆ ಸರ್ ಜಾನ್ ಕನ್ನಡಿಯೆದುರು ಗಡ್ಡ ಹೆರೆದುಕೊಳ್ಳುವಾಗ ಅವನ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ, ತುಟಿ ಅಲುಗುವುದಿಲ್ಲ. ಆಗ ಧ್ವನಿಯನ್ನು ಆಮೇಲೆ ಬೆರೆಸುವ ತಂತ್ರ ಕೈಗೆ ಬಂದಿರಲಿಲ್ಲ. ಅವನ ಮಾತನ್ನು ಮೊದಲೇ ಮುದ್ರಿಸಿಕೊಂಡು ಚಿತ್ರೀಕರಣದ ಹೊತ್ತಿನಲ್ಲಿ ನುಡಿಸಿದರು. ರೇಡಿಯೋದಿಂದ ಬರಬೇಕಾದ ವಾಗ್ನರ್ ಸಂಗೀತಕ್ಕೆ ಸೆಟ್ಟಿನ ಹಿಂದೆ ಮೂವತ್ತು ವಾದ್ಯಗಾರರನ್ನೇ ಕೂರಿಸಿದ್ದರು.

ಹಾಗೆ ಸರ್ ಜಾನ್ ಪತ್ತೇದಾರನಾಗುವುದು ಪಶ್ಚಾತ್ತಾಪದಿಂದ. ಅವನಿಗೆ ಕಾಲವೂ ಕಡಿಮೆ. ಇಂಗ್ಲೆಂಡಿನಲ್ಲಿ ಶಿಕ್ಷೆ ವಿಧಿಸಿದ ಮೇಲೆ ಮೂರು ಭಾನುವಾರ ಕಳೆದು ಗಲ್ಲಿಗೇರಿಸುವುದು ಆಗ ರೂಢಿಯಾಗಿತ್ತು. ಈ ಗಡುವಿನ ನೆರಳು ಆ ಕಾಲದ ಬ್ರಿಟಿಷ್ ಕೊಲೆ ಕಥೆಗಳ ಮೇಲೆಲ್ಲ ಇದೆ. ಪೊಲೀಸರು ತಪ್ಪಿದರೆ ತಿದ್ದಲು ಆಮೇಲೆ ಅವಕಾಶವಿರಲಿಲ್ಲ. ಅದೇ 1930ರಲ್ಲಿ ಮಿಸ್ ಮಾರ್ಪಲ್ ಮೊದಲ ಸಲ ಇಡೀ ಕಾದಂಬರಿಯೊಂದರಲ್ಲಿ ಬಂದಳು. ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ ಲಂಡನ್ನಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಕ್ರಿಸ್ಟಿ, ಡೇನ್, ಸಿಂಪ್ಸನ್ ಮೂವರೂ ಅದರ ಸದಸ್ಯೆಯರು.

ಈಗ ಮಾರ್ಗರೆಟ್ ರುದರ್‌ಫೋರ್ಡ್ ಅವರ ವಿಷಯ. ಕೊಲೆಯ ಕಥೆಯೆಂದರೆ ಅವರಿಗೆ ಹಿಡಿಸುತ್ತಿರಲಿಲ್ಲ, ಮಾರ್ಪಲ್ ಪಾತ್ರ ಒಪ್ಪಲು ಹಿಂಜರಿದಿದ್ದರು. ಅದರ ಕಾರಣ ಅವರ ಹುಟ್ಟಿಗಿಂತ ಹಿಂದಿನದು. ಅವರ ತಂದೆ ವಿಲಿಯಂ ರುದರ್‌ಫೋರ್ಡ್ ಬೆನ್, 1882ರ ಡಿಸೆಂಬರಿನಲ್ಲಿ ಫ್ಲಾರೆನ್ಸ್ ನಿಕಲ್ಸನ್ ಎಂಬುವರನ್ನು ಮದುವೆಯಾದರು. ಮದುವೆಯಾದ ಕೂಡಲೇ ವಿಲಿಯಂ ಅವರ ಬುದ್ಧಿ ಕೆಟ್ಟಿತು, ಆಸ್ಪತ್ರೆಗೆ ಸೇರಿಸಬೇಕಾಯಿತು. ಸ್ವಲ್ಪ ಸುಧಾರಿಸಿದರೆಂದು ಅವರ ತಂದೆ, ಪಾದ್ರಿ ಜೂಲಿಯಸ್ ಬೆನ್, ಹವೆ ಬದಲಾವಣೆಗಾಗಿ ಡರ್ಬಿಶೈರಿನ ಮ್ಯಾಟ್ಲಾಕ್‌ಗೆ ಕರೆದುಕೊಂಡು ಹೋದರು. 1883ರ ಮಾರ್ಚಿನಲ್ಲಿ, ಆ ಬಾಡಿಗೆ ಕೋಣೆಯಲ್ಲೇ, ಮಗ ತಂದೆಯನ್ನು ಮಲಮೂತ್ರದ ಪಿಂಗಾಣಿ ಪಾತ್ರೆಯಿಂದ ಹೊಡೆದು ಕೊಂದು, ಚಾಕುವಿನಿಂದ ತನ್ನ ಕುತ್ತಿಗೆಯನ್ನೂ ಕೊಯ್ದುಕೊಂಡರು. ಅವರನ್ನು ಬ್ರಾಡ್‌ಮೂರ್ ಎಂಬ, ಅಪರಾಧಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಇಟ್ಟರು. ಏಳು ವರ್ಷದ ಮೇಲೆ ಬಿಡುಗಡೆಯಾಗಿ ಹೆಂಡತಿಯ ಬಳಿ ಬಂದ ಅವರು ಬೆನ್ ಎಂಬ ಹೆಸರನ್ನು ಕೈಬಿಟ್ಟರು. 1892ರಲ್ಲಿ ಮಾರ್ಗರೆಟ್ ಹುಟ್ಟಿದರು.

ಹೊಸ ಬಾಳು ಕಟ್ಟಲೆಂದು ಆ ಸಂಸಾರ ಬಂದದ್ದು ನಮ್ಮ ಪಕ್ಕದ ಮದ್ರಾಸಿಗೆ. ಬಾಳು ಹಸನಾಗಲಿಲ್ಲ. ಮಾರ್ಗರೆಟ್‌ಗೆ ಮೂರು ವರ್ಷವಾಗಿದ್ದಾಗ ಗರ್ಭಿಣಿಯಾಗಿದ್ದ ತಾಯಿ ಮರಕ್ಕೆ ನೇಣು ಹಾಕಿಕೊಂಡರು. ಮಗುವನ್ನು ವಿಂಬಲ್ಡನ್‌ನಲ್ಲಿದ್ದ ದೊಡ್ಡಮ್ಮ ಬೆಸ್ಸಿಯ ಮನೆಗೆ ಕಳಿಸಿದರು. ತಂದೆಯೂ ತೀರಿಹೋದರೆಂದು ಅವಳಿಗೆ ಹೇಳಿದ್ದರು. ಹನ್ನೆರಡು ವರ್ಷದ ಹುಡುಗಿಗೆ ತಿಳಿದ ಸತ್ಯವೆಂದರೆ ತಂದೆ ಬದುಕಿದ್ದಾರೆ, ಮತ್ತೆ ಬ್ರಾಡ್‌ಮೂರ್‌ನಲ್ಲಿದ್ದಾರೆ. 1921ರಲ್ಲಿ ಅವರು ಸತ್ತರು. ತನಗೂ ಆ ರೋಗ ಬಂದೀತೆಂಬ ಭಯ ಮಾರ್ಗರೆಟ್‌ರನ್ನು ಜೀವನವಿಡೀ ಬಿಡಲಿಲ್ಲ, ಖಿನ್ನತೆ ಆಗಾಗ ಕಾಡಿತು. ಅದೇ ಬೆನ್ ಮನೆತನದ ಇನ್ನೊಂದು ಕವಲು ರಾಜಕೀಯದಲ್ಲಿ ಮೇಲೇರಿತು. ಅವರ ಚಿಕ್ಕಪ್ಪ–ದೊಡ್ಡಪ್ಪನ ಮಕ್ಕಳ ಸಾಲಿನ ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ ಲಂಡನ್ನಿನಲ್ಲಿ ಭಾರತ ಮಂತ್ರಿ. ಉಪ್ಪಿನ ಸತ್ಯಾಗ್ರಹವೂ ಗಾಂಧಿ–ಇರ್ವಿನ್ ಒಪ್ಪಂದವೂ ಅವರ ಕಾಲದಲ್ಲೇ ಆದವು.

ಪಿಯಾನೋ ಪಾಠ, ಉಚ್ಚಾರಣೆಯ ಪಾಠ ಹೇಳಿಕೊಂಡಿದ್ದ ಮಾರ್ಗರೆಟ್ ರಂಗಕ್ಕೆ ಬಂದದ್ದು ಮೂವತ್ತು ದಾಟಿದ ಮೇಲೆ, 1925ರಲ್ಲಿ, ಓಲ್ಡ್ ವಿಕ್ ರಂಗಮಂದಿರದಲ್ಲಿ. ‘ಬ್ಲೈಥ್ ಸ್ಪಿರಿಟ್’ ನಾಟಕದ ಮೇಡಂ ಅರ್ಕಾಟಿ ಪಾತ್ರ ಅವರಿಗೆ ಹೆಸರು ತಂದಿತು. 1945ರಲ್ಲಿ ಸ್ಟ್ರಿಂಗರ್ ಡೇವಿಸ್ ಎಂಬ ನಟರನ್ನು ಮದುವೆಯಾದರು. ಚಿತ್ರದ ಮಿಸ್ಟರ್ ಸ್ಟ್ರಿಂಗರ್ ಇವರೇ. ಗಂಡನಿಗೂ ಪಾತ್ರವಿರಬೇಕೆಂದು ಅವರು ಹಟ ಹಿಡಿದದ್ದರಿಂದಲೇ ಆ ಪಾತ್ರ ಹುಟ್ಟಿತು. ಪರದೆಯ ಮೇಲೆ ಅವರು ಉಟ್ಟದ್ದು ತಮ್ಮದೇ ಬಟ್ಟೆಗಳನ್ನು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಕ್ರಿಸ್ಟಿಯ ಕೃಶವಾದ, ಹೆಣಿಗೆ ಹಾಕುತ್ತಾ ಕೂರುವ ಮಾರ್ಪಲ್‌ಗೂ ಇವರ ದಪ್ಪ ಗದ್ದಕ್ಕೂ ದಾಪುಗಾಲಿಗೂ ಹೋಲಿಕೆಯೇ ಇಲ್ಲ. ಕ್ರಿಸ್ಟಿಗೆ ಈ ಚಿತ್ರಗಳು ಇಷ್ಟವಾಗಲಿಲ್ಲ. ಆದರೆ ನಟಿಯ ಮೇಲೆ ಗೌರವವಿತ್ತು, 1962ರ ತಮ್ಮ ಮಾರ್ಪಲ್ ಕಾದಂಬರಿಯನ್ನು ಮಾರ್ಗರೆಟ್‌ರಿಗೇ ಅರ್ಪಿಸಿದರು.

ಕಿಟಕಿಯಾಚೆಯ ಕೊಲೆ ಕಂಡ ಕ್ಷಣದಲ್ಲಿ ರುದರ್‌ಫೋರ್ಡ್ ಅವರ ಮುಖವನ್ನು ಗಮನಿಸಿ. ಆ ಗದ್ದ, ಆ ಕಣ್ಣು ನಗಿಸಲೆಂದೇ ಇವೆ ಎಂದುಕೊಂಡವರಿಗೆ ಅಲ್ಲಿ ನಗು ಸಿಗುವುದಿಲ್ಲ. ಆಮೇಲೆ, ನಿಮ್ಮದು ಭ್ರಮೆ ಎಂದು ಅನ್ಯರು ಹೇಳುವಾಗ ಆಕೆ ಸಿಟ್ಟಾಗುವ ರೀತಿ ಇದೆಯಲ್ಲ, ತನ್ನ ಬುದ್ಧಿ ನೆಟ್ಟಗಿದೆ ಎಂದು ಒತ್ತಿ ಹೇಳುವ ರೀತಿ, ಅದರ ಹಿಂದೆ ಒಂದು ಇಡೀ ಜೀವನವಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಮುಂದೆ ಇನ್ನೂ ಮೂರು ಚಿತ್ರಗಳು ಬಂದವು. 1963ರ ‘ಮರ್ಡರ್ ಅಟ್ ದ ಗ್ಯಾಲಪ್’ ಚೆನ್ನಾಗಿದೆ. ಕೊನೆಯ ‘ಮರ್ಡರ್ ಅಹಾಯ್’ಗೆ ಕ್ರಿಸ್ಟಿಯ ಕಥೆಯೇ ಇಲ್ಲ, ಅದನ್ನು ಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು 1964ರ ‘ಮರ್ಡರ್ ಮೋಸ್ಟ್ ಫೌಲ್’. ಮೂಲ ಕಾದಂಬರಿಯಲ್ಲಿ ಇರುವುದು ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪ್ವಾರೋ. ಚಿತ್ರ ಅವನನ್ನು ತೆಗೆದು ಮಿಸ್ ಮಾರ್ಪಲ್‌ಳನ್ನು ಜ್ಯೂರಿಯಲ್ಲಿ ಕೂರಿಸಿತು. ಹನ್ನೊಂದು ಜನ ತಪ್ಪಿತಸ್ಥ ಎನ್ನುತ್ತಾರೆ, ಆಕೆ ಒಬ್ಬಳು ಇಲ್ಲ ಎನ್ನುತ್ತಾಳೆ. ನ್ಯಾಯಾಧೀಶನ ಸಹನೆ ತೀರುತ್ತದೆ. ಆಕೆ ಕದಲುವುದಿಲ್ಲ, ವಿಚಾರಣೆ ಮುರಿದುಬೀಳುತ್ತದೆ. ಆಮೇಲೆ ಆಕೆ ಕೊಲೆಗಾರನನ್ನು ಹುಡುಕಿ ಸೇರುವುದು ಒಂದು ನಾಟಕ ಕಂಪನಿಗೆ. ಜ್ಯೂರಿ ಕೋಣೆ, ಒಂಟಿ ಅನುಮಾನ, ನಾಟಕದವರು: ಹಿಚ್‌ಕಾಕ್‌ನ 1930ರ ಚಿತ್ರದ ಸಾಮಗ್ರಿಯೇ ಮತ್ತೆ ಬಂದಿದೆ. ಸರ್ ಜಾನ್ ಸೋತ ಜಾಗದಲ್ಲಿ ಮಿಸ್ ಮಾರ್ಪಲ್ ಸೋಲಲಿಲ್ಲ. ಪದವಿ, ಹೆಸರು, ಗಂಡಸುತನ ಎಲ್ಲ ಇದ್ದವನು ಹನ್ನೊಂದು ಬಾಯಿಗಳ ಮುಂದೆ ಕುಸಿದ. ಯಾರೂ ಲೆಕ್ಕಕ್ಕಿಡದ ಅವಿವಾಹಿತೆ ಕೂತಲ್ಲೇ ಕೂತಳು.

ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಜ್ಯೂರಿಯ ಬಾಗಿಲು ತೆರೆದದ್ದು 1919ರ ಕಾಯ್ದೆಯಿಂದ. ಆದರೂ ಮನೆ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಪಟ್ಟಿ ತಯಾರಾಗುತ್ತಿತ್ತು. ಮನೆ ಗಂಡನ ಹೆಸರಿನಲ್ಲಿದ್ದರೆ ಹೆಂಡತಿಗೆ ಕರೆ ಬರುತ್ತಿರಲಿಲ್ಲ. ಈ ಆಸ್ತಿಯ ನಿಬಂಧನೆ ಹೋದದ್ದು 1970ರ ದಶಕದಲ್ಲಿ. ಹಾಗಾಗಿ ಆ ಹನ್ನೆರಡು ಕುರ್ಚಿಗಳಲ್ಲಿ ಹೆಂಗಸೊಬ್ಬಳು ಕಂಡರೆ, ಆಕೆ ಸ್ವಂತ ಮನೆಯಿದ್ದ ಒಂಟಿ ಹೆಂಗಸಾಗಿರುವುದೇ ಹೆಚ್ಚು ಸಂಭವ. ನಮ್ಮಲ್ಲಿ 1959ರ ನಾನಾವತಿ ಮೊಕದ್ದಮೆಯಲ್ಲಿ ಜ್ಯೂರಿ ಎಂಟಕ್ಕೆ ಒಂದರಂತೆ ಕೊಟ್ಟ ಅಭಿಪ್ರಾಯವನ್ನು ಮುಂಬಯಿ ಹೈಕೋರ್ಟು ತಳ್ಳಿಹಾಕಿದ ಮೇಲೆ ಆ ಪದ್ಧತಿಗೆ ಗೌರವ ಉಳಿಯಲಿಲ್ಲ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಕರಿಕೋಟು ಹಾಕುವ ಹೊತ್ತಿಗೆ ಜ್ಯೂರಿ ಮುಗಿದ ಕಥೆ.

ಕ್ರಿಸ್ಟಿ ಬಯಸಿದ್ದ ಮಾರ್ಪಲ್ ಜೋನ್ ಹಿಕ್ಸನ್. 1984ರಿಂದ 1992ರವರೆಗೆ ಬಿಬಿಸಿಯಲ್ಲಿ ಹನ್ನೆರಡೂ ಕಾದಂಬರಿಗಳನ್ನು ಅವರು ಮಾಡಿ ಮುಗಿಸಿದರು. ನೀನು ಒಂದು ದಿನ ಮಾರ್ಪಲ್ ಆಗಬೇಕು ಎಂಬರ್ಥದ ಚೀಟಿಯನ್ನು ಕ್ರಿಸ್ಟಿ ಅವರಿಗೆ ದಶಕಗಳ ಹಿಂದೆಯೇ ಬರೆದಿದ್ದರು. ‘ಮರ್ಡರ್ ಶೀ ಸೆಡ್’ನಲ್ಲಿ ಬಂಗಲೆಯ ಕೆಲಸದ ಹೆಂಗಸಾಗಿ ಬರುವವರೂ ಇದೇ ಹಿಕ್ಸನ್. ಪುಸ್ತಕಕ್ಕೆ ಹತ್ತಿರ ಯಾರೆಂದರೆ ಹಿಕ್ಸನ್, ಅದರಲ್ಲಿ ವಾದವಿಲ್ಲ.

ಆದರೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತಾ ಬೆಳೆದು, ಈಗ ವಕೀಲಿ ಮಾಡುತ್ತಿರುವವರಿಗೆ ನಾನು ಹೇಳುವುದು ರುದರ್‌ಫೋರ್ಡ್ ಅವರನ್ನು ನೋಡಿ ಎಂದು. ಮೊದಲು ಹಿಚ್‌ಕಾಕ್‌ನ ಜ್ಯೂರಿ ಕೋಣೆ, ಆಮೇಲೆ ‘ಮರ್ಡರ್ ಮೋಸ್ಟ್ ಫೌಲ್’ನ ಆರಂಭ. ನೋಡುವಾಗ ಇದೊಂದು ನೆನಪಿರಲಿ. ಆ ಚಿತ್ರ ಬಂದ ಮೂರೇ ವರ್ಷಕ್ಕೆ, 1967ರ ಕ್ರಿಮಿನಲ್ ಜಸ್ಟಿಸ್ ಆಕ್ಟ್ ಇಂಗ್ಲೆಂಡಿನಲ್ಲಿ ಹನ್ನೆರಡರಲ್ಲಿ ಹತ್ತು ಜನ ಒಪ್ಪಿದರೆ ಸಾಕೆಂದು ಮಾಡಿತು. ಅಂದಿನಿಂದ ಅಲ್ಲಿನ ಜ್ಯೂರಿಯಲ್ಲಿ ಒಬ್ಬಳೇ ಒಪ್ಪದೆ ಕೂತರೂ ತೀರ್ಪು ನಿಲ್ಲುವುದಿಲ್ಲ.